ಹೆಸರು ಹೋಯಿತು, ಪೊಟ್ಟಣ ಉಳಿಯಿತು: ಓಆರ್‌ಎಸ್ ಆದೇಶದ ಹಿಂದಿನ ಉಪ್ಪು–ನೀರಿನ ಲೆಕ್ಕ

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2025ರ ಅಕ್ಟೋಬರ್ 14ರಂದು ಹೊರಡಿಸಿದ ಒಂದು ಆದೇಶ ಸುದ್ದಿಯಾದಾಗ, ಅದು ಹಲವರ ಕಿವಿಗೆ ಬಿದ್ದದ್ದು ‘ಓಆರ್‌ಎಸ್ ನಿಷೇಧ’ ಎಂಬ ಎರಡು ಪದಗಳಾಗಿ. ವಾಂತಿ-ಭೇದಿಯಾದಾಗ ಮೊದಲು ಕೊಡಬೇಕಾದದ್ದು ಗ್ಲೂಕೋಸ್ ಮತ್ತು ಲವಣಗಳ ಪುಡಿಯನ್ನು ನೀರಿಗೆ ಕಲಸಿ ಕುಡಿಸುವ ಓಆರ್‌ಎಸ್ ಎಂದು ಆಶಾ ಕಾರ್ಯಕರ್ತೆಯರು ಆದಿವಾಸಿ ಹಾಡಿಗಳಲ್ಲಿ, ತೋಟದ ಕಾರ್ಮಿಕರ ಲೈನ್‌ಮನೆಗಳಲ್ಲಿ ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದಾರೆ. ಅದನ್ನೇ ಸರ್ಕಾರ ನಿಷೇಧಿಸಿತೆಂದರೆ ಜನ ಯಾವುದನ್ನು ನಂಬಬೇಕು? ಮಳೆಗಾಲದಲ್ಲಿ ಹೊಳೆ, ತೋಡು, ತೆರೆದ ಬಾವಿಗಳ ನೀರೆಲ್ಲ ಕದಡಿ ಹೋಗುವ, ಆಸ್ಪತ್ರೆಗೆ ಹೋಗುವ ದಾರಿ ಕೆಲವೊಮ್ಮೆ ಮರ ಬಿದ್ದು ಮುಚ್ಚಿಹೋಗುವ ಕೊಡಗಿನಂಥ ಜಿಲ್ಲೆಯಲ್ಲಿ ಈ ಗೊಂದಲವನ್ನು ಹಾಗೆಯೇ ಬಿಡುವುದು ಅಪಾಯ. ಆದ್ದರಿಂದ ಆದೇಶದಲ್ಲಿ ಏನಿದೆ, ಅದರ ಹಿಂದೆ ದೇಹದ ಯಾವ ಲೆಕ್ಕಾಚಾರವಿದೆ ಎಂಬುದನ್ನು ಬಿಡಿಸಿ ನೋಡಬೇಕಾಗಿದೆ.

ಆದೇಶದಲ್ಲಿ ಇರುವುದೇನು

ಮೊದಲಿಗೇ ಸ್ಪಷ್ಟವಾಗಬೇಕಾದ ಮಾತು: ನಿಷೇಧವಾದದ್ದು ಓಆರ್‌ಎಸ್ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಪ್ರಮಾಣದಲ್ಲಿ ಲವಣಗಳು ಇಲ್ಲದಿದ್ದರೂ ತಮ್ಮ ಹೆಸರಿನ ಹಿಂದೆಯೋ ಮುಂದೆಯೋ ‘ಓಆರ್‌ಎಸ್’ ಎಂಬ ಅಕ್ಷರಗಳನ್ನು ಸೇರಿಸಿಕೊಂಡು ಮಾರಾಟವಾಗುತ್ತಿದ್ದ ಸಿಹಿ ಪಾನೀಯಗಳು ಇನ್ನು ಆ ಅಕ್ಷರಗಳನ್ನು ಬಳಸುವಂತಿಲ್ಲ ಎಂಬುದಷ್ಟೇ ಆದೇಶದ ತಿರುಳು. 2022ರ ಜುಲೈನಲ್ಲಿ ಮತ್ತು 2024ರ ಫೆಬ್ರುವರಿಯಲ್ಲಿ ಇದೇ ಪ್ರಾಧಿಕಾರ, ‘ಇದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಓಆರ್‌ಎಸ್ ಅಲ್ಲ’ ಎಂಬ ಸೂಚನೆಯನ್ನು ಡಬ್ಬಿಯ ಮೇಲೆ ಮುದ್ರಿಸುವ ಷರತ್ತಿನೊಂದಿಗೆ ಆ ಹೆಸರಿನ ಬಳಕೆಗೆ ಅವಕಾಶ ಕೊಟ್ಟಿತ್ತು. ಆ ಅವಕಾಶವನ್ನು ಈಗ ಹಿಂತೆಗೆದುಕೊಂಡಿದೆ.

ಇದರ ಹಿಂದೆ ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಅವರ ಹಲವು ವರ್ಷಗಳ ಹೋರಾಟವಿದೆ. ಆದೇಶ ಬಂದ ಕೂಡಲೇ ಕಂಪನಿಗಳು ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದವು. ಒಂದು ಕಂಪನಿಗೆ ಕೆಲವು ದಿನಗಳ ಮಧ್ಯಂತರ ಪರಿಹಾರವೂ ಸಿಕ್ಕಿತು. ತಿಂಗಳ ಕೊನೆಯ ಹೊತ್ತಿಗೆ ಪ್ರಾಧಿಕಾರ ತನ್ನ ನಿಲುವಿಗೇ ಅಂಟಿಕೊಂಡಿತು, ಸಾರ್ವಜನಿಕ ಆರೋಗ್ಯದ ವಿಷಯದಲ್ಲಿ ಹಸ್ತಕ್ಷೇಪ ಮಾಡಲು ನ್ಯಾಯಾಲಯವೂ ಒಪ್ಪಲಿಲ್ಲ. ಹೀಗೆ ಎರಡು ವಾರಗಳಲ್ಲಿ ‘ನಿಷೇಧ’, ‘ತಡೆ’, ಮತ್ತೆ ‘ನಿಷೇಧ’ ಎಂದು ತಲೆಬರಹಗಳು ಬದಲಾದದ್ದೇ ಗೊಂದಲವನ್ನು ಇಮ್ಮಡಿ ಮಾಡಿತು.

ಗೊಂದಲದ ಬೇರು ಇನ್ನೂ ಆಳದಲ್ಲಿದೆ. ಪುಡಿಯ ಪೊಟ್ಟಣದಲ್ಲಿ ಬರುವ ಓಆರ್‌ಎಸ್ ನಮ್ಮಲ್ಲಿ ಔಷಧ. ಅದು ಔಷಧ ಕಾಯ್ದೆಯಡಿ ಪರವಾನಗಿ ಪಡೆದು, ನಿಗದಿತ ಪ್ರಮಾಣಕ್ಕೆ ಬದ್ಧವಾಗಿ ತಯಾರಾಗಬೇಕು. ಹಣ್ಣಿನ ರುಚಿಯ ಡಬ್ಬಿ ಪಾನೀಯ ಆಹಾರ ಪದಾರ್ಥ. ಅದಕ್ಕೆ ಅನ್ವಯವಾಗುವುದು 2006ರ ಆಹಾರ ಸುರಕ್ಷತಾ ಕಾಯ್ದೆ. ಎರಡು ಬೇರೆ ಕಾನೂನುಗಳ ಎರಡು ವಸ್ತುಗಳು ಒಂದೇ ಮೆಡಿಕಲ್ ಶಾಪಿನ ಒಂದೇ ಕಪಾಟಿನಲ್ಲಿ, ಹೆಚ್ಚುಕಡಿಮೆ ಒಂದೇ ಹೆಸರಿನಲ್ಲಿ ಕುಳಿತಿದ್ದವು. ಕೊಳ್ಳುವವರಿಗೆ ಆ ಗೆರೆ ಕಾಣುವಂತಿರಲಿಲ್ಲ.

ದೇಹದೊಳಗಿನ ಎರಡು ನೀರು

ವಯಸ್ಕರ ತೂಕದಲ್ಲಿ ಸುಮಾರು 60 ಶೇಕಡಾ ನೀರು. ಹಸುಗೂಸಿನಲ್ಲಿ ಅದು 75 ಶೇಕಡಾದ ಹತ್ತಿರ. 70 ಕಿಲೋ ತೂಗುವ ವ್ಯಕ್ತಿಯೊಳಗೆ 42 ಲೀಟರ್ ನೀರಿದ್ದರೆ, ಅದರ ಮೂರರಲ್ಲಿ ಎರಡು ಪಾಲು ಜೀವಕೋಶಗಳ ಒಳಗಿರುತ್ತದೆ, ಒಂದು ಪಾಲು ಹೊರಗಿರುತ್ತದೆ. ರಕ್ತದ ದ್ರವಭಾಗವಾಗಿ ಹರಿಯುವುದು ಮೂರು ಲೀಟರಿನ ಆಸುಪಾಸು ಮಾತ್ರ. ವಾಂತಿ-ಭೇದಿಯಲ್ಲಿ ಮೊದಲು ಸೋರುವುದು ಈ ಹೊರಗಿನ ಪಾಲು. ದೇಹದಲ್ಲಿ ಇಷ್ಟೊಂದು ನೀರಿದ್ದರೂ ಕೆಲವು ಲೀಟರ್ ಹೋದರೆ ಮನುಷ್ಯ ಕುಸಿಯುವುದು ಇದೇ ಕಾರಣಕ್ಕೆ.

ಈ ಎರಡು ನೀರೂ ಒಂದೇ ಬಗೆಯವಲ್ಲ. ಹೊರಗಿನ ನೀರಿನಲ್ಲಿ ಸೋಡಿಯಂ ಹೆಚ್ಚು, ಲೀಟರಿಗೆ 135ರಿಂದ 145 ಮಿಲಿಮೋಲ್ (ಕರಗಿದ ಕಣಗಳನ್ನು ಎಣಿಸುವ ಅಳತೆ); ಪೊಟ್ಯಾಸಿಯಂ ಕಡಿಮೆ, 3.5ರಿಂದ 5. ಜೀವಕೋಶದ ಒಳಗೆ ಇದು ತಿರುವುಮುರುವು. ಪ್ರತಿ ಜೀವಕೋಶದ ಪೊರೆಯಲ್ಲೂ ಇರುವ ಪಂಪು ಮೂರು ಸೋಡಿಯಂ ಕಣಗಳನ್ನು ಹೊರದಬ್ಬಿ ಎರಡು ಪೊಟ್ಯಾಸಿಯಂ ಕಣಗಳನ್ನು ಒಳಗೆಳೆದುಕೊಳ್ಳುತ್ತ ಈ ಅಂತರವನ್ನು ಹಗಲಿರುಳು ಕಾಪಾಡುತ್ತದೆ. ನರದ ಸಂದೇಶವೂ ಹೃದಯದ ಬಡಿತವೂ ನಡೆಯುವುದು ಈ ಅಂತರದ ಬಲದ ಮೇಲೆ. ನೀರಿಗೆ ಸ್ವಂತ ದಿಕ್ಕಿಲ್ಲ. ಕರಗಿದ ಕಣಗಳು ಎತ್ತ ಹೆಚ್ಚಿವೆಯೋ ಅತ್ತ ಅದು ಸರಿಯುತ್ತದೆ. ಈ ಒಂದು ನಿಯಮವನ್ನು ಹಿಡಿದುಕೊಂಡರೆ ಮುಂದಿನದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಭೇದಿಯಲ್ಲಿ ಹೋಗುವುದು ಬರೀ ನೀರಲ್ಲ. ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್, ಬೈಕಾರ್ಬೊನೇಟ್ ಎಲ್ಲವೂ ಹೋಗುತ್ತವೆ. ಬರೀ ನೀರನ್ನೇ ಕುಡಿಸುತ್ತ ಹೋದರೆ ರಕ್ತದಲ್ಲಿ ಸೋಡಿಯಂ ತೆಳುವಾಗುತ್ತದೆ. ಆಗ ನೀರು ಹೊರಗಿನಿಂದ ಜೀವಕೋಶಗಳ ಒಳಗೆ ನುಗ್ಗಿ ಅವು ಊದಿಕೊಳ್ಳುತ್ತವೆ. ಬೇರೆಡೆ ಊದಿದರೆ ತಡೆದುಕೊಳ್ಳಬಹುದು. ತಲೆಬುರುಡೆಯೊಳಗಿನ ಮಿದುಳಿಗೆ ಊದಲು ಜಾಗವಿಲ್ಲ. ಮಂಪರು, ಫಿಟ್ಸ್ ಬರುವುದು ಆಗಲೇ.

ಕರುಳಿನ ಜೋಡಿ ಬಾಗಿಲು

ಹಾಗಾದರೆ ಉಪ್ಪುನೀರು ಕುಡಿಸಿದರೆ ಸಾಕಲ್ಲವೆ? ಸಾಲದು. ಕಾಲರಾದಂಥ ರೋಗದಲ್ಲಿ ಕರುಳು ಉಪ್ಪನ್ನೂ ನೀರನ್ನೂ ಹೊರಗೆ ಸುರಿಯುತ್ತಿರುತ್ತದೆ, ಬರೀ ಉಪ್ಪನ್ನು ಹೀರುವ ದಾರಿಗಳು ಬಹುಮಟ್ಟಿಗೆ ಮುಚ್ಚಿರುತ್ತವೆ. ಆದರೂ ಒಂದು ಬಾಗಿಲು ತೆರೆದೇ ಇರುತ್ತದೆ. ಸಣ್ಣಕರುಳಿನ ಒಳಗೋಡೆಯಲ್ಲಿರುವ ಒಂದು ಸಾಗಣೆ ಪ್ರೋಟೀನು ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಬಂದರೆ ಮಾತ್ರ ಎರಡನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಅಮೆರಿಕದ ವಿಜ್ಞಾನಿ ರಾಬರ್ಟ್ ಕ್ರೇನ್ ಈ ಜೋಡಿ ಸಾಗಣೆಯ ವಿವರಣೆಯನ್ನು ಮಂಡಿಸಿದ್ದು 1960ರಲ್ಲಿ. ಅವೆರಡೂ ಒಳಹೊಕ್ಕರೆ, ಹಿಂದೆ ಹೇಳಿದ ನಿಯಮದಂತೆ, ನೀರು ಅವುಗಳ ಬೆನ್ನಿಗೆ ಬರುತ್ತದೆ. ಅಂದರೆ ಓಆರ್‌ಎಸ್‌ನಲ್ಲಿರುವ ಸಕ್ಕರೆ ಶಕ್ತಿಗಾಗಿ ಹಾಕಿದ್ದಲ್ಲ, ರುಚಿಗಾಗಿಯೂ ಅಲ್ಲ. ಅದು ಸೋಡಿಯಮ್ಮಿಗೆ ಬಾಗಿಲು ತೆರೆಯುವ ಕೀಲಿ.

ಈ ಅರಿವು ಸಾವಿರಾರು ಜನರ ಎದುರು ಪರೀಕ್ಷೆಗೆ ನಿಂತದ್ದು 1971ರಲ್ಲಿ. ಬಾಂಗ್ಲಾದೇಶದ ವಿಮೋಚನಾ ಯುದ್ಧದ ಸಮಯದಲ್ಲಿ ಗಡಿ ದಾಟಿ ಬಂದ ನಿರಾಶ್ರಿತರ ನಡುವೆ, ಪಶ್ಚಿಮ ಬಂಗಾಳದ ಬನ್‌ಗಾಂವ್‌ನಲ್ಲಿ ಕಾಲರಾ ಹಬ್ಬಿತ್ತು. ರಕ್ತನಾಳದ ಮೂಲಕ ಏರಿಸುವ ಸಲೈನು ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಲನಬೀಸ್ ಮತ್ತು ಅವರ ಸಂಗಡಿಗರು ಗ್ಲೂಕೋಸ್, ಅಡುಗೆ ಉಪ್ಪು, ಅಡುಗೆ ಸೋಡಾ ಕಲಸಿದ ಪುಡಿಯನ್ನು ನೀರಿಗೆ ಹಾಕಿ ಕುಡಿಸತೊಡಗಿದರು, ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೇ ವಹಿಸಿದರು. 30 ಶೇಕಡಾದ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ 4 ಶೇಕಡಾಕ್ಕಿಂತ ಕೆಳಗಿಳಿಯಿತು. 2022ರಲ್ಲಿ ತೀರಿಕೊಂಡ ಮಹಲನಬೀಸ್ ಅವರಿಗೆ ದೇಶ ಮರಣೋತ್ತರವಾಗಿ ಪದ್ಮವಿಭೂಷಣ ನೀಡಿತು.

ಇಲ್ಲಿ ಎಲ್ಲವೂ ನಿಂತಿರುವುದು ಪ್ರಮಾಣದ ಮೇಲೆ. 2002ರಿಂದ ಶಿಫಾರಸಿನಲ್ಲಿರುವ ಪೊಟ್ಟಣದಲ್ಲಿ ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಇರುತ್ತವೆ, ಒಟ್ಟು 20.5 ಗ್ರಾಂ. ಕರಗಿಸಿದಾಗ ಸೋಡಿಯಂ 75, ಗ್ಲೂಕೋಸ್ 75 ಮಿಲಿಮೋಲ್, ಸರಿಸಮ. ಎಲ್ಲ ಕಣಗಳನ್ನೂ ಕೂಡಿದರೆ 245. ರಕ್ತದಲ್ಲಿ ಅದು 285–290ರ ಹತ್ತಿರ. ಕರುಳಿನಲ್ಲಿರುವ ದ್ರವ ರಕ್ತಕ್ಕಿಂತ ತುಸು ತೆಳುವಾಗಿರುವುದರಿಂದ ನೀರು ರಕ್ತದ ಕಡೆಗೆ ಸರಿಯುತ್ತದೆ. ಅದಕ್ಕೂ ಹಿಂದಿನ ಸೂತ್ರದಲ್ಲಿ ಈ ಮೊತ್ತ 311 ಇತ್ತು. ಅದನ್ನು ಇಳಿಸಿದ ಮೇಲೆ ಮಕ್ಕಳಲ್ಲಿ ಭೇದಿಯ ಪ್ರಮಾಣವೂ ವಾಂತಿಯೂ ಸಲೈನಿನ ಅಗತ್ಯವೂ ಕಡಿಮೆಯಾದದ್ದು ಕಂಡುಬಂದಿತು. ಅಷ್ಟು ಚಿಕ್ಕ ಅಂತರಕ್ಕೂ ಕರುಳು ಹೀಗೆ ಸ್ಪಂದಿಸುತ್ತದೆ.

ಈಗ ಲೀಟರಿಗೆ 100 ಗ್ರಾಂ ಸಕ್ಕರೆಯಿರುವ ಒಂದು ಪಾನೀಯವನ್ನು ಊಹಿಸಿ. ಡಬ್ಬಿಯ ಹಿಂಬದಿಯ ಪಟ್ಟಿಯಲ್ಲಿ ‘100 ಮಿಲಿಲೀಟರಿಗೆ 10 ಗ್ರಾಂ’ ಎಂದಿದ್ದರೆ ಅದರ ಅರ್ಥ ಇದೇ. ಸಕ್ಕರೆ ಕರುಳಿನಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂದು ಎರಡಾಗಿ ಒಡೆದಾಗ ಕಣಗಳ ಲೆಕ್ಕ ಸುಮಾರು 580ಕ್ಕೆ ಏರುತ್ತದೆ, ಅಂದರೆ ರಕ್ತದ ಎರಡರಷ್ಟು. ನೀರು ಈಗ ಎತ್ತ ಸರಿಯಬೇಕು? ರಕ್ತದಿಂದ ಕರುಳಿಗೆ. ಮಗುವಿನ ಭೇದಿ ನಿಲ್ಲಲೆಂದು ಪ್ರೀತಿಯಿಂದ ಕುಡಿಸಿದ ಪಾನೀಯವೇ ಭೇದಿಯನ್ನು ಹೆಚ್ಚಿಸುತ್ತದೆ. ಈ ಆದೇಶದ ಹಿಂದಿರುವ ವಿಜ್ಞಾನ ಇಷ್ಟೇ, ಮತ್ತು ಇದರಲ್ಲಿ ಅಭಿಪ್ರಾಯಭೇದಕ್ಕೆ ಎಡೆಯಿಲ್ಲ.

ಹುಳಿಯ ಲೆಕ್ಕ

ಪೊಟ್ಟಣದಲ್ಲಿರುವ ಸಿಟ್ರೇಟಿನ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಅದರ ಕೆಲಸ ಮಾತ್ರ ಸಣ್ಣದಲ್ಲ.

ರಕ್ತದ ಪಿಎಚ್, ಅಂದರೆ ಹುಳಿ–ಕ್ಷಾರದ ಅಳತೆ, 7.35 ಮತ್ತು 7.45ರ ನಡುವೆ ಇರಬೇಕು. ನಾವು ತಿಂದದ್ದು ಉರಿದು ಶಕ್ತಿಯಾಗುವಾಗ ಪ್ರತಿಕ್ಷಣವೂ ಆಮ್ಲ ಹುಟ್ಟುತ್ತಿರುತ್ತದೆ. ರಕ್ತದಲ್ಲಿರುವ ಬೈಕಾರ್ಬೊನೇಟು ಅದನ್ನು ತಕ್ಷಣ ಹಿಡಿದುಕೊಳ್ಳುತ್ತದೆ. ಶ್ವಾಸಕೋಶಗಳು ಇಂಗಾಲದ ಡೈಆಕ್ಸೈಡಿನ ರೂಪದಲ್ಲಿ ನಿಮಿಷಗಳಲ್ಲಿ ಹೊರಹಾಕುತ್ತವೆ. ಉಳಿದದ್ದನ್ನು ಮೂತ್ರಪಿಂಡಗಳು ಗಂಟೆಗಳು, ದಿನಗಳ ನಿಧಾನದಲ್ಲಿ ಸಾಗಹಾಕುತ್ತವೆ. ಪಂದಿಕರಿಗೆ ಹಾಕುವ ಕಾಚಂಪುಳಿಯಷ್ಟು ಹುಳಿಯಾದದ್ದನ್ನು ತಿಂದರೂ ರಕ್ತ ಹುಳಿಯಾಗದಿರುವುದು ಈ ಮೂರು ಹಂತದ ಕಾವಲಿನಿಂದ. ಹಾಗೆಯೇ ಕ್ಷಾರೀಯ ನೀರು ಕುಡಿದು ರಕ್ತವನ್ನು ಕ್ಷಾರೀಯ ಮಾಡುತ್ತೇವೆ ಎಂಬ ಜಾಹೀರಾತೂ ಹುರುಳಿಲ್ಲದ್ದು. ಆ ನೀರು ಮೊದಲು ಇಳಿಯುವುದು ಜಠರದ ಆಮ್ಲದೊಳಕ್ಕೆ.

ಭೇದಿಯಾದಾಗ ಈ ಕಾವಲಿನ ಮೊದಲ ಸಾಲೇ ಕುಸಿಯುತ್ತದೆ. ಕರುಳಿನ ದ್ರವದಲ್ಲಿ ಬೈಕಾರ್ಬೊನೇಟು ಹೇರಳವಾಗಿರುವುದರಿಂದ ಪ್ರತಿ ಭೇದಿಯೊಡನೆ ಅದು ಖರ್ಚಾಗುತ್ತದೆ. ಜೊತೆಗೆ ರಕ್ತಸಂಚಾರ ಕುಗ್ಗಿ ಮೂತ್ರಪಿಂಡಗಳ ಕೆಲಸವೂ ಕುಂಟುತ್ತದೆ. ಆಗ ಉಳಿಯುವುದು ಶ್ವಾಸಕೋಶ ಮಾತ್ರ. ತೀರ ಬಳಲಿದ ಮಗು ಎದೆಯಲ್ಲಿ ಕಫವಿಲ್ಲದಿದ್ದರೂ ಆಳವಾಗಿ, ಬೇಗಬೇಗ ಉಸಿರೆಳೆಯುತ್ತಿದ್ದರೆ ಅದು ಆಮ್ಲವನ್ನು ಉಸಿರಿನ ದಾರಿಯಲ್ಲಿ ಹೊರಹಾಕಲು ಹೆಣಗುತ್ತಿದೆ ಎಂದು ತಿಳಿಯಬೇಕು. ವಾಂತಿಯೊಂದೇ ಹೆಚ್ಚಾಗಿದ್ದರೆ ಜಠರದ ಆಮ್ಲ ಹೊರಹೋಗಿ ರಕ್ತ ಕ್ಷಾರದ ಕಡೆಗೆ ವಾಲುತ್ತದೆ, ಪೊಟ್ಯಾಸಿಯಮ್ಮೂ ಕೆಳಗಿಳಿಯುತ್ತದೆ.

ಕುಡಿದ ಸಿಟ್ರೇಟು ದೇಹದಲ್ಲಿ ಬೈಕಾರ್ಬೊನೇಟಾಗಿ ಮಾರ್ಪಟ್ಟು ಈ ಕೊರತೆಯನ್ನು ತುಂಬುತ್ತದೆ. ಮೊದಲಿನ ಪೊಟ್ಟಣಗಳಲ್ಲಿ ನೇರವಾಗಿ ಬೈಕಾರ್ಬೊನೇಟೇ ಇರುತ್ತಿತ್ತು. ತೇವದ ಹವೆಯಲ್ಲಿ ಅದು ಗ್ಲೂಕೋಸಿನೊಡನೆ ಸೇರಿ ಪುಡಿ ಕಂದಾಗಿ ಕೆಡುತ್ತಿದ್ದುದರಿಂದ 1980ರ ದಶಕದಲ್ಲಿ ಸಿಟ್ರೇಟು ಆ ಜಾಗಕ್ಕೆ ಬಂತು. ಜೂನಿನಿಂದ ಸೆಪ್ಟೆಂಬರಿನವರೆಗೆ ಉಪ್ಪಿನ ಡಬ್ಬಿಯೂ ಬೆವರುವ ಕೊಡಗಿನ ಮನೆಗಳಿಗೆ ಈ ಬದಲಾವಣೆಯ ಬೆಲೆ ವಿವರಿಸಿ ಹೇಳಬೇಕಾಗಿಲ್ಲ.

ಕಂಪನಿಗಳ ವಾದ, ವೈದ್ಯರ ವಾದ

ಕಂಪನಿಗಳ ಮಾತನ್ನೂ ಕೇಳಬೇಕು. ತಮ್ಮದು ಔಷಧವೆಂದು ಹೇಳಿಲ್ಲ, ಪ್ರಾಧಿಕಾರ ಕೇಳಿದ ಸೂಚನೆಯನ್ನು ಮುದ್ರಿಸಿದ್ದೇವೆ, ಹೆಸರು ನೋಂದಾಯಿತ ಟ್ರೇಡ್‌ಮಾರ್ಕ್, ಒಮ್ಮೆ ಕೊಟ್ಟ ಅನುಮತಿಯನ್ನು ಹಠಾತ್ತನೆ ಕಸಿದುಕೊಂಡರೆ ಈಗಾಗಲೇ ತಯಾರಾದ ದಾಸ್ತಾನಿನ ಗತಿಯೇನು ಎಂಬುದು ಅವರ ವಾದ. ಇದರಲ್ಲಿ ಕಾರ್ಯವಿಧಾನದ ಮಟ್ಟಿಗೆ ಒಂದು ಸತ್ಯವಿದೆ: 2022ರಲ್ಲಿ ಸರಿಯೆಂದದ್ದು 2025ರಲ್ಲಿ ತಪ್ಪಾದರೆ ನಿಯಂತ್ರಕರೂ ಉತ್ತರ ಕೊಡಬೇಕಾಗುತ್ತದೆ. ಆ ಮೂರು ವರ್ಷಗಳ ಅನುಮತಿಯನ್ನು ಕೊಟ್ಟದ್ದು ಪ್ರಾಧಿಕಾರವೇ.

ಆದರೆ ಮುಖ್ಯ ಪ್ರಶ್ನೆಗೆ ಆ ವಾದ ಉತ್ತರವಾಗುವುದಿಲ್ಲ. ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಂದ ತಾಯಿ ‘ಓಆರ್‌ಎಸ್ ಕೊಡಿ’ ಎನ್ನುತ್ತಾಳೆ. ಅಂಗಡಿಯವರು ಆ ಅಕ್ಷರಗಳಿರುವ ಡಬ್ಬಿಯನ್ನು ಎತ್ತಿ ಕೊಡುತ್ತಾರೆ. ಸ್ಟ್ರಾ ಚುಚ್ಚಿದರೆ ಮುಗಿಯಿತು, ಮಗು ಇಷ್ಟಪಟ್ಟು ಕುಡಿಯುತ್ತದೆ. ಡಬ್ಬಿಯ ಮೂಲೆಯಲ್ಲಿ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿರುವ ‘ಅಲ್ಲ’ ಎಂಬುದು, ಮುಂಬದಿಯಲ್ಲಿ ದಪ್ಪವಾಗಿರುವ ಹೆಸರನ್ನು ಅಳಿಸಲಾರದು. ವೈದ್ಯರ ವಾದದ ಬಲವಿರುವುದು ಇಲ್ಲೇ, ಮತ್ತು ಈ ಲೇಖನದ ನಿಲುವೂ ಅದೇ: ಹೆಸರೇ ಚಿಕಿತ್ಸೆಯ ಸೂಚನೆಯಾಗಿರುವಾಗ, ಹೆಸರನ್ನು ಕೊಟ್ಟು ಷರತ್ತನ್ನು ಅಡಿಯಲ್ಲಿ ಬರೆಯುವುದು ಸಾಲದು.

ಇಲ್ಲೊಂದು ಎಚ್ಚರ. ಡಬ್ಬಿಯಲ್ಲಿ ಬರುವುದೆಲ್ಲ ಕೆಟ್ಟದ್ದೆಂದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಬದ್ಧವಾದ, ಔಷಧವಾಗಿಯೇ ಮಾರಾಟವಾಗುವ ಸಿದ್ಧ ದ್ರಾವಣಗಳೂ ಇವೆ. ನೋಡಬೇಕಾದದ್ದು ಡಬ್ಬಿಯೋ ಪೊಟ್ಟಣವೋ ಎಂಬುದನ್ನಲ್ಲ, ಸೂತ್ರವನ್ನು.

ಲೈನ್‌ಮನೆಯ ಲೋಟ

ಪೊಟ್ಟಣವೂ ತಪ್ಪಾಗಿ ಬಳಕೆಯಾಗುವುದುಂಟು, ಅದೂ ಬಹಳ ಸರಳ ಕಾರಣಕ್ಕೆ. ದೊಡ್ಡ ಪೊಟ್ಟಣ ಒಂದು ಲೀಟರಿಗೆಂದು ಅಳೆದದ್ದು. ಮನೆಯಲ್ಲಿರುವುದು 200 ಮಿಲಿಲೀಟರಿನ ಸ್ಟೀಲ್ ಲೋಟ. ಅರ್ಧ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದರೆ ಸೋಡಿಯಂ 75ರ ಬದಲು 187 ಮಿಲಿಮೋಲ್ ಆಗುತ್ತದೆ, ರಕ್ತಕ್ಕಿಂತಲೂ ಉಪ್ಪು. ಅಂಥ ದ್ರಾವಣ ಜೀವಕೋಶಗಳಿಂದ ನೀರನ್ನು ಸೆಳೆಯುತ್ತದೆ. ಉಳಿದರ್ಧ ಪುಡಿಯನ್ನು ಮಡಿಸಿಟ್ಟರೆ ಮಳೆಗಾಲದ ಹವೆಗೆ ಗಟ್ಟಿ ಕಟ್ಟುತ್ತದೆ. ಪೂರ್ತಿ ಪೊಟ್ಟಣವನ್ನು ಒಂದು ಲೀಟರಿನ ಬಾಟಲಿಗೆ, ಕುದಿಸಿ ಆರಿಸಿದ ನೀರಿನಲ್ಲಿ, ಒಂದೇ ಸಲಕ್ಕೆ ಕಲಸಬೇಕು; 24 ಗಂಟೆಯ ಮೇಲೆ ಉಳಿದದ್ದನ್ನು ಚೆಲ್ಲಬೇಕು. ಕಲಸಿದ ಮೇಲೆ ಸಕ್ಕರೆ, ಹಾಲು ಸೇರಿಸಬಾರದು. ರುಚಿ ಕಣ್ಣೀರಿನಷ್ಟು ಉಪ್ಪಿರಬೇಕು, ಅದಕ್ಕಿಂತ ಹೆಚ್ಚಲ್ಲ.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200. ಚಮಚದಲ್ಲಿ, ಬಿಟ್ಟು ಬಿಟ್ಟು. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ನಿಧಾನವಾಗಿ. ಎದೆಹಾಲು ನಿಲ್ಲಿಸಬಾರದು. ಆರು ತಿಂಗಳು ಮೀರಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ ಜಿಂಕ್ ಮಾತ್ರೆಯನ್ನು 14 ದಿನ ಕೊಡುವುದು ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲೇ ಇದೆ.

ಪೊಟ್ಟಣ ಕೈಗೆ ಸಿಗುವವರೆಗೆ ಉಪ್ಪು ಹಾಕಿದ ಅಕ್ಕಿ ಗಂಜಿತಿಳಿ ಒಳ್ಳೆಯದು. ಅನ್ನದ ಪಿಷ್ಟ ನಿಧಾನವಾಗಿ ಒಡೆದು ಗ್ಲೂಕೋಸ್ ಕೊಡುವುದರಿಂದ ಕರುಳಿನಲ್ಲಿ ಕಣಗಳು ಒಮ್ಮೆಲೇ ಕಿಕ್ಕಿರಿಯುವುದಿಲ್ಲ. ಉಪ್ಪು ಹಾಕಿದ ನೀರುಮಜ್ಜಿಗೆಯೂ ಆದೀತು. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ಕಡಿಮೆ, ಅದೊಂದನ್ನೇ ನೆಚ್ಚಬಾರದು. ಬೆಲ್ಲದ ಕಾಫಿಯಲ್ಲಿ ಸಿಹಿಯಿದೆ, ಉಪ್ಪಿಲ್ಲ. ಭೇದಿಗೆ ಅದು ಮದ್ದಲ್ಲ.

ಐದು ಕಿಲೋ ತೂಗುವ ಕೂಸಿಗೆ ಅರ್ಧ ಲೀಟರ್ ನೀರು ಹೋಯಿತೆಂದರೆ ತೂಕದ ಹತ್ತನೇ ಒಂದು ಪಾಲು ಹೋದಂತೆ. ಅದೇ ಲೋಟದಲ್ಲಿ ಅಳೆದರೆ ಎರಡೂವರೆ ಲೋಟ. ಕಣ್ಣು ಗುಳಿಬಿದ್ದಿದ್ದರೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ಮಡಿಕೆ ಕೂಡಲೇ ಇಳಿಯದಿದ್ದರೆ, ಮಗು ಕುಡಿಯಲಾರದಷ್ಟು ಮಂಕಾಗಿದ್ದರೆ, ಭೇದಿಯಲ್ಲಿ ರಕ್ತವಿದ್ದರೆ ಮನೆಮದ್ದಿನ ಸಮಯ ಮೀರಿದೆ. ದಾರಿಯುದ್ದಕ್ಕೂ ಚಮಚದಲ್ಲಿ ಕುಡಿಸುತ್ತ ಆಸ್ಪತ್ರೆಗೆ ಒಯ್ಯಬೇಕು; ಮಂಕಾಗಿರುವ ಮಗುವಿನ ಬಾಯಿಗೆ ಮಾತ್ರ ಏನನ್ನೂ ಸುರಿಯಬಾರದು.

ಬೇಡದವರಿಗೆ ಓಆರ್‌ಎಸ್

ಆದೇಶದ ಚರ್ಚೆಯಲ್ಲಿ ಮರೆಯಾದ ಇನ್ನೊಂದು ಬದಿಯಿದೆ. ಸುಸ್ತು ಎನಿಸಿದಾಗೆಲ್ಲ ನಿಜವಾದ ಓಆರ್‌ಎಸ್ ಕುಡಿಯುವುದೂ ಸರಿಯಲ್ಲ. ಅದರ ಒಂದು ಲೀಟರಿನಲ್ಲಿ ಸುಮಾರು 1.7 ಗ್ರಾಂ ಸೋಡಿಯಂ ಇರುತ್ತದೆ. ವಯಸ್ಕರು ದಿನವಿಡೀ ತಿನ್ನುವುದೆಲ್ಲ ಸೇರಿ 2 ಗ್ರಾಂ ಮೀರದಿರಲಿ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ರಕ್ತದೊತ್ತಡ, ಹೃದಯದ ತೊಂದರೆ ಇರುವವರಿಗೆ ಇದು ಹೊರೆ. ಮೂತ್ರಪಿಂಡ ಸೋತವರಲ್ಲಿ ಪೊಟ್ಯಾಸಿಯಂ ಹೊರಹೋಗದೆ ಏರಿದರೆ ಹೃದಯದ ಲಯವೇ ತಪ್ಪಬಹುದು. ಸಿಹಿ ಪಾನೀಯವನ್ನು ಓಆರ್‌ಎಸ್ ಎಂದು ನಂಬಿ ದಿನವೂ ಕುಡಿಯುವ ಮಧುಮೇಹಿಯ ಕಷ್ಟ ಬೇರೆ. ಕಾಫಿ ಕೊಯ್ಲಿನ ಬಿಸಿಲಿನಲ್ಲಿ ಬೆವರುವ ಕೂಲಿಕಾರರಿಗೆ ನೀರು, ಮಧ್ಯಾಹ್ನದ ಊಟ, ಉಪ್ಪು ಹಾಕಿದ ಮಜ್ಜಿಗೆ ಸಾಕು. ಬೆವರಿನಲ್ಲಿ ಹೋಗುವ ಉಪ್ಪು ಸಾಮಾನ್ಯವಾಗಿ ಊಟದಲ್ಲೇ ತುಂಬಿ ಬರುತ್ತದೆ.

ಮುಂದೆ ಏನಾಗಬಹುದು

ಪಾನೀಯಗಳು ಮಾರುಕಟ್ಟೆಯಿಂದ ಹೋಗುವುದಿಲ್ಲ, ಹೆಸರು ಬದಲಿಸಿಕೊಂಡು ಬರುತ್ತವೆ. ಅದೇ ಬಣ್ಣ, ಅದೇ ಹಣ್ಣಿನ ಚಿತ್ರ, ಅದೇ ಕಪಾಟು ಇದ್ದರೆ ಹಳೆಯ ಹೆಸರಿನ ನೆನಪು ಕೆಲವು ವರ್ಷ ವ್ಯಾಪಾರ ಮಾಡಿಸುತ್ತಲೇ ಇರುತ್ತದೆ. ಆದ್ದರಿಂದ ಆಹಾರ ಸುರಕ್ಷತಾ ಅಧಿಕಾರಿಗಳು ಹೆಸರನ್ನಷ್ಟೇ ಅಲ್ಲ, ಔಷಧದ ಪಕ್ಕದಲ್ಲಿ ಅದನ್ನು ಇಟ್ಟಿರುವ ಜಾಗವನ್ನೂ ಗಮನಿಸಬೇಕಾಗುತ್ತದೆ.

ಇನ್ನೊಂದು ಪರಿಣಾಮ ನೇರವಾಗಿ ಕೊಡಗಿನಂಥ ಜಿಲ್ಲೆಗಳದ್ದು. ಸಿಹಿ ಡಬ್ಬಿ ಸಂತೆಬೀದಿಯ ಅಂಗಡಿಯಲ್ಲೂ ಬೇಕರಿಯಲ್ಲೂ ಸಿಗುತ್ತಿತ್ತು. ಪೊಟ್ಟಣ ಸಿಗುವುದು ಮೆಡಿಕಲ್ ಶಾಪು, ಪ್ರಾಥಮಿಕ ಆರೋಗ್ಯ ಕೇಂದ್ರ, ಅಂಗನವಾಡಿ, ಆಶಾ ಕಾರ್ಯಕರ್ತೆಯ ಚೀಲದಲ್ಲಿ. ಸರಿಯಾದ ವಸ್ತು ದೂರದಲ್ಲೇ ಇದ್ದು ತಪ್ಪಾದದ್ದು ಬಾಗಿಲಲ್ಲಿದ್ದರೆ ಹೆಸರು ಯಾವುದಾದರೂ ಜನ ಬಾಗಿಲಲ್ಲಿದ್ದುದನ್ನೇ ಎತ್ತಿಕೊಳ್ಳುತ್ತಾರೆ. ಭಾಗಮಂಡಲದಲ್ಲಿ ಕಾವೇರಿ ಉಕ್ಕುವ ಮೊದಲು, ಮೇ ತಿಂಗಳಲ್ಲೇ, ಪ್ರತಿ ಲೈನ್‌ಮನೆ ಸಾಲಿಗೂ ಪ್ರತಿ ಹಾಡಿಗೂ ಪೊಟ್ಟಣಗಳ ಜೊತೆಗೆ ಒಂದು ಲೀಟರಿನ ಗುರುತಿರುವ ಪಾತ್ರೆಯೂ ತಲುಪಬೇಕು. ತೋಟದ ಮಾಲೀಕರು, ಗ್ರಾಮ ಪಂಚಾಯಿತಿಗಳು ಮನಸ್ಸು ಮಾಡಿದರೆ ಇದು ದೊಡ್ಡ ಖರ್ಚಿನ ಕೆಲಸವಲ್ಲ. ರಸ್ತೆ ಮುಚ್ಚಿದ ರಾತ್ರಿ ಮಗುವಿಗೆ ಸಿಗುವ ಚಿಕಿತ್ಸೆ ಆ ಪಾತ್ರೆಯಲ್ಲಿ ಕಲಸಿದ್ದಷ್ಟೇ ಆಗಿರುತ್ತದೆ.